ಒಂದು ಸಾಲಿಗೆ ಇಬ್ಬರು

“ಗುರುಗಳೇ, ತಪ್ಪು ಮಾಡಿದವನನ್ನು ಕ್ಷಮಿಸಿಬಿಟ್ಟರೆ, ಆ ತಪ್ಪಿನಿಂದಾದ ನಷ್ಟ ಎಲ್ಲಿಗೆ ಹೋಗುತ್ತದೆ?” ಎಂದು ಚನ್ನವೀರ ಕೇಳಿದ.

ಗುರುಗಳು ಅವನ ಮುಖ ನೋಡಿದರು. “ಎಲಾ ಇವನ! ನಾಲ್ಕು ವರ್ಷ ಬಾಯಿ ಬಿಡದೆ ಕೂತಿದ್ದವನು ಕೇಳಿದ್ದಕ್ಕೆ ಒಳ್ಳೆಯದನ್ನೇ ಕೇಳಿದೆ. ಕ್ಷಮಿಸುವುದು ದೊಡ್ಡ ಗುಣ ಎಂದು ನಾನೇ ನೂರು ಸಲ ಹೇಳಿದ್ದೇನೆ. ನಷ್ಟದ ವಿಷಯ ಮಾತ್ರ ಎತ್ತಿಲ್ಲ. ಕೂತುಕೋ. ನೇರವಾಗಿ ಉತ್ತರ ಕೊಡುವುದು ನನಗೆ ಬರುವುದಿಲ್ಲ, ಕತೆ ಹೇಳಲು ಬರುತ್ತದೆ.”

ಚನ್ನವೀರ ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿತ್ತು. ಹಳ್ಳಿ ಎನ್ನಲು ದೊಡ್ಡದು, ಪಟ್ಟಣ ಎನ್ನಲು ಸಣ್ಣದು. ಆ ಊರಿಗೆ ಒಂದು ಪುರಸಭೆ. ಪುರಸಭೆಯಲ್ಲಿ ಬೀದಿ ಗುಡಿಸುವವರು ಎಂಬತ್ನಾಲ್ಕು ಮಂದಿ, ಎಲ್ಲರೂ ಹೆಂಗಸರೇ. ಅಲ್ಲಿ ಒಬ್ಬೊಬ್ಬರೇ ಗುಡಿಸುವ ಪದ್ಧತಿ ಇರಲಿಲ್ಲ. ಒಂದು ತಳ್ಳುಗಾಡಿಗೆ ಇಬ್ಬರು. ಒಬ್ಬಳು ಗುಡಿಸಿ ಗುಡ್ಡೆ ಹಾಕುತ್ತಾಳೆ, ಇನ್ನೊಬ್ಬಳು ತುಂಬಿಕೊಂಡು ಗಾಡಿ ತಳ್ಳುತ್ತಾಳೆ. ಏರು ಬಂದರೆ ಇಬ್ಬರೂ ತಳ್ಳುತ್ತಾರೆ. ಒಮ್ಮೆ ಜೋಡಿ ಬಿದ್ದರೆ ಮುಗಿಯಿತು. ಆ ಊರಲ್ಲಿ ಗಂಡ ಹೆಂಡಿರು ಬೇರೆಯಾದದ್ದುಂಟು, ಗಾಡಿಯ ಜೋಡಿ ಬೇರೆಯಾದದ್ದಿಲ್ಲ.

ಈ ಪದ್ಧತಿಯ ಬೆನ್ನಿಗೆ ಇನ್ನೊಂದು ಪದ್ಧತಿ ಅಂಟಿಕೊಂಡಿತ್ತು. ಹಾಜರಿ ಪುಸ್ತಕದಲ್ಲಿ ಒಂದು ಜೋಡಿಗೆ ಒಂದೇ ಸಾಲು. ಮೊಟ್ಟಮೊದಲು ಗಾಡಿಗಳನ್ನು ಹಂಚಿದಾಗ, ಹೆಬ್ಬೆಟ್ಟು ಒತ್ತಿ ಗಾಡಿ ಪಡೆದವಳ ಹೆಸರನ್ನು ಬರೆದುಕೊಂಡರು. ಜೊತೆಯವಳ ಹೆಸರನ್ನು ಯಾರೂ ಕೇಳಲಿಲ್ಲ. ಸಂಬಳವೂ ಹಾಗೆಯೇ ನಡೆಯಿತು. ಇಬ್ಬರ ಸಂಬಳವೂ ಒಟ್ಟಾಗಿ ಹೆಸರಿದ್ದವಳ ಕೈಗೆ ಬರುತ್ತಿತ್ತು. ಅವಳು ಕಚೇರಿಯ ಮೆಟ್ಟಿಲ ಮೇಲೇ ಕೂತು ಅರ್ಧ ಎಣಿಸಿ ಜೊತೆಯವಳ ಸೆರಗಿಗೆ ಹಾಕುತ್ತಿದ್ದಳು. ಯಾರೂ ಯಾರಿಗೂ ಒಂದು ಪೈಸೆ ಮೋಸ ಮಾಡಿದವರಲ್ಲ. ಹಾಗಾಗಿ ಇದರಲ್ಲೇನೋ ಸರಿಯಿಲ್ಲ ಎಂದು ಯಾರಿಗೂ ಅನಿಸಲಿಲ್ಲ.

ಹಳೆಯ ಲೆಕ್ಕಿಗನಿಗೆ ಇದೆಲ್ಲ ಗೊತ್ತಿತ್ತು. ಬಜೆಟ್ ಬರೆಯುವಾಗ ಅವನು ಸಾಲುಗಳನ್ನು ಎಣಿಸಿ, ಮನಸ್ಸಿನಲ್ಲೇ ಎರಡರಿಂದ ಗುಣಿಸಿಕೊಳ್ಳುತ್ತಿದ್ದ. ಮೂವತ್ತು ವರ್ಷ ಹೀಗೆ ಗುಣಿಸಿದ. ಒಂದು ಸಲವೂ ತಪ್ಪಲಿಲ್ಲ. ನಿವೃತ್ತನಾದ ದಿನ ಹೊಸ ಲೆಕ್ಕಿಗನಿಗೆ ಬೀರುವಿನ ಕೀಲಿ ಕೊಟ್ಟ, ಪುಸ್ತಕಗಳನ್ನು ಕೊಟ್ಟ, ಹಾರ ಹಾಕಿಸಿಕೊಂಡು, ಚಹಾ ಕುಡಿದು ಮನೆಗೆ ಹೋದ. ಎರಡರಿಂದ ಗುಣಿಸಬೇಕು ಎನ್ನುವುದನ್ನು ಹೇಳಲಿಲ್ಲ. ಮರೆತನೆಂದುಕೊಳ್ಳಬೇಡ ಚನ್ನವೀರ. ಅದು ಹೇಳಬೇಕಾದ ಸಂಗತಿ ಎಂದೇ ಅವನಿಗೆ ಹೊಳೆಯಲಿಲ್ಲ.

ಹೊಸ ಲೆಕ್ಕಿಗ ಹುಡುಗು ಪ್ರಾಯದವನು. ಪ್ರಾಮಾಣಿಕ. ಪುಸ್ತಕ ತೆರೆದು ನೋಡಿದ. ನಲವತ್ತೆರಡು ಹೆಸರು. ಒಂದೊಂದು ಹೆಸರಿನ ಮುಂದೆ ಇದ್ದ ಸಂಬಳ ನೋಡಿ, ‘ಪರವಾಗಿಲ್ಲವೇ, ಈ ಊರಿನವರು ಗುಡಿಸುವವರಿಗೆ ಒಳ್ಳೆಯ ಸಂಬಳ ಕೊಡುತ್ತಾರೆ’ ಎಂದು ಸಂತೋಷಪಟ್ಟ. ಪಾಪ.

ಗುಡಿಸುವವರಿಗೆ ಒಂದು ಸಂಘವಿತ್ತು. ಸಂಘದ ಮುಖಂಡಳು ದುರುಗಮ್ಮ. ಜೋರು ಬಾಯಿ, ಮೆತ್ತನೆಯ ಹೊಟ್ಟೆ. ಅವಳ ಗಾಡಿಯ ಜೊತೆಯವಳು ಓಬಕ್ಕ, ಅವಳಿಗಿಂತ ಹತ್ತು ವರ್ಷ ದೊಡ್ಡವಳು. ಇಬ್ಬರೂ ಇಪ್ಪತ್ತೆರಡು ವರ್ಷದಿಂದ ಒಂದೇ ಗಾಡಿ ತಳ್ಳುತ್ತಿದ್ದರು. ಪುಸ್ತಕದಲ್ಲಿ ದುರುಗಮ್ಮನ ಹೆಸರಿತ್ತು.

ಆ ವರ್ಷ ಸಂಬಳದ ಮಾತುಕತೆ ಬಂತು. ದಿನಕ್ಕೆ ತಲಾ ನಲವತ್ತು ರೂಪಾಯಿ ಹೆಚ್ಚಿಸಿ ಎಂದು ಸಂಘ ಕೇಳಿತು. ನಲವತ್ತು ಕೇಳಿದರೆ ಎಳೆದಾಡಿ ಮೂವತ್ತಕ್ಕಾದರೂ ನಿಂತೀತು ಎಂದು ದುರುಗಮ್ಮ ಅಂದುಕೊಂಡಿದ್ದಳು. ಹಿಂದೆಲ್ಲ ಐದು ರೂಪಾಯಿ ಹೆಚ್ಚಿಸಿಕೊಳ್ಳಲು ಐದು ದಿನ ಬಾಗಿಲಲ್ಲಿ ಕೂತು ಗಂಟಲು ಹರಿದುಕೊಂಡವಳು ಅವಳು. ಈ ಸಲವೂ ರೊಟ್ಟಿ ಕಟ್ಟಿಕೊಂಡೇ ಹೋಗಿದ್ದಳು.

ಆದರೆ ಹೊಸ ಲೆಕ್ಕಿಗ ಎರಡು ವಾರ ಕೂತು, ಬೀದಿದೀಪದಲ್ಲಿ ಇಷ್ಟು, ಡೀಸೆಲ್ಲಿನಲ್ಲಿ ಇಷ್ಟು ಎಂದು ಕೆರೆದು ಕೆರೆದು ದುಡ್ಡು ಹೊಂದಿಸಿದ್ದ. ಸಭೆಯಲ್ಲಿ ಎದ್ದು ನಿಂತು ಓದಿದ. “ಕಾರ್ಮಿಕರು ನಲವತ್ತೆರಡು ಮಂದಿ. ದಿನಕ್ಕೆ ತಲಾ ನಲವತ್ತು ರೂಪಾಯಿ ಕೊಡಬಹುದು. ಬಜೆಟ್‌ನಲ್ಲಿ ಜಾಗವಿದೆ.” ಓದುವಾಗ ಅವನ ಮುಖ ಅರಳಿತ್ತು.

ನಲವತ್ತೆರಡು ಎಂದದ್ದು ದುರುಗಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತು. ನಾವು ಎಂಬತ್ನಾಲ್ಕು ಮಂದಿ ಸ್ವಾಮಿ ಎಂದು ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ತಪ್ಪು ಅವರದು. ಮೊದಲು ಸಹಿ ಬೀಳಲಿ. ಆಮೇಲೆ ಎಂಬತ್ನಾಲ್ಕು ಮಂದಿಯನ್ನೂ ಕರೆತಂದು ನಿಲ್ಲಿಸಿದರೆ ಕೊಡದೆ ಎಲ್ಲಿಗೆ ಹೋಗುತ್ತಾರೆ? ಹೀಗೆಂದುಕೊಂಡಳು. ಇಷ್ಟು ವರ್ಷ ಅವರು ನಮ್ಮನ್ನು ಆಟ ಆಡಿಸಿದರು, ಒಂದು ಸಲ ನಾವೂ ಆಡಿಸೋಣ ಎಂದೂ ಅಂದುಕೊಂಡಳು. ಪುರಸಭೆಯ ಅಧ್ಯಕ್ಷರು ಸಹಿ ಹಾಕಿದರು. ದುರುಗಮ್ಮ ಹೆಬ್ಬೆಟ್ಟು ಒತ್ತಿದಳು.

ಸುದ್ದಿ ಕೇಳಿ ಗಾಡಿ ಷೆಡ್ಡಿನಲ್ಲಿ ಹಬ್ಬವೇ ಹಬ್ಬ. ಓಬಕ್ಕನಂತೂ ದುರುಗಮ್ಮನ ಎರಡು ಕೆನ್ನೆ ಸವರಿ ನೆಟಿಗೆ ಮುರಿದಳು. ಅವಳ ಬಾಯಲ್ಲಿ ಉಳಿದಿದ್ದದ್ದು ಮೂರೇ ಹಲ್ಲು. ಹುರಿದ ಕಡಲೆಕಾಯಿ ಎಂದರೆ ಅವಳಿಗೆ ಪ್ರಾಣ, ಆದರೆ ತಿಂದು ಏಳು ವರ್ಷವಾಗಿತ್ತು. ಮಾರನೆಯ ದಿನವೇ ಹಲ್ಲಿನ ಡಾಕ್ಟರ ಹತ್ತಿರ ಹೋಗಿ ಹಲ್ಲು ಕಟ್ಟಿಸಲು ಅಳತೆ ಕೊಟ್ಟುಬಂದಳು. ತಿಂಗಳು ತಿಂಗಳು ಇಷ್ಟಿಷ್ಟು ಕೊಡುತ್ತೇನೆ ಎಂದು ಮಾತಾಡಿಕೊಂಡು ಬಂದಳು. “ಇನ್ನು ಮೇಲೆ ನಾನು ನಕ್ಕರೆ ಊರು ತಿರುಗಿ ನೋಡಬೇಕು ಕಣೇ ದುರುಗಿ” ಎಂದು ಬಾಯಿ ಮುಚ್ಚಿಕೊಂಡು ನಕ್ಕಳು.

ಸಂಬಳದ ದಿನ ಬಂತು. ಮೆಟ್ಟಿಲ ಮೇಲೆ ಕೂತು ಎಣಿಸಿದರೆ ಹೆಚ್ಚಳದ ದುಡ್ಡು ಅರ್ಧವೇ ಇತ್ತು. ಜೋಡಿಗೆ ಎಂಬತ್ತು ಬರಬೇಕಾದಲ್ಲಿ ನಲವತ್ತು. ಎಲ್ಲರೂ ಗಲಾಟೆ ಎಬ್ಬಿಸಿದರು. ದುರುಗಮ್ಮ ಮಾತ್ರ ಒಳಗೊಳಗೇ ನಕ್ಕಳು. ಅವಳು ಕಾದಿದ್ದದ್ದೇ ಈ ದಿನಕ್ಕೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಲೆಕ್ಕಿಗನ ಮುಂದೆ ಹೋಗಿ ನಿಂತಳು. “ನಾವು ಎಂಬತ್ನಾಲ್ಕು ಮಂದಿ ಇದ್ದೇವೆ. ಉಳಿದವರದು ಎಲ್ಲಿ?”

ಲೆಕ್ಕಿಗ ಪೆನ್ನು ಕೆಳಗಿಟ್ಟ. “ಎಂಬತ್ನಾಲ್ಕೇ?” ಎಂದ. ಪುಸ್ತಕ ಮುಚ್ಚಿಟ್ಟು ಬೆಕ್ಕಿನ ಹಾಗೆ ಜಾರಿಕೊಳ್ಳುತ್ತಾನೆ ಎಂದು ದುರುಗಮ್ಮ ತಿಳಿದಿದ್ದಳು. ಅವಳ ಎದುರಿಗಿದ್ದದ್ದು, ತುಂಬಿದ ಹಾಲಿನ ಪಾತ್ರೆಯನ್ನು ಕೈಜಾರಿ ಬೀಳಿಸಿದ ಮಗುವಿನ ಮುಖ. ಆದರೂ ಅವಳು ಪಟ್ಟು ಬಿಡಲಿಲ್ಲ. ನಾಳೆಯೊಳಗೆ ಉಳಿದದ್ದು ಬರಬೇಕು ಎಂದು ಹೇಳಿ ಹೊರಟುಬಂದಳು.

ಮಾರನೆಯ ಬೆಳಿಗ್ಗೆ ಲೆಕ್ಕಿಗ ಬೀದಿ ಬೀದಿ ತಿರುಗಿದ. ಪ್ರತಿ ಗಾಡಿಯ ಬಳಿ ನಿಂತ, ಎಣಿಸಿದ. ಒಂದು ಗಾಡಿ, ಇಬ್ಬರು. ಇನ್ನೊಂದು ಗಾಡಿ, ಇಬ್ಬರು. ನಲವತ್ತೆರಡನೆಯ ಗಾಡಿ ಮುಗಿದಾಗ ಅವನ ಕಾಲು ಸೋತಿತ್ತು. ನೇರ ಅಧ್ಯಕ್ಷರ ಮನೆಗೆ ಹೋಗಿ ಕೈ ಮುಗಿದು ನಿಂತ. ನನ್ನಿಂದ ದೊಡ್ಡ ತಪ್ಪಾಗಿದೆ, ಜನರನ್ನು ಎಣಿಸುವ ಬದಲು ಸಾಲುಗಳನ್ನು ಎಣಿಸಿದ್ದೇನೆ ಎಂದ. ಹೊಂದಿಸಿದ ದುಡ್ಡು ಅರ್ಧ ಮಂದಿಗೆ ಮಾತ್ರ ಸಾಲುತ್ತದೆ, ಬೇರೆ ದುಡ್ಡು ಈ ವರ್ಷ ಎಲ್ಲೂ ಇಲ್ಲ ಎಂದ. ಏನು ಶಿಕ್ಷೆ ಕೊಟ್ಟರೂ ಸರಿ ಎಂದ.

ಅಧ್ಯಕ್ಷರು ಕಾಫಿ ಕುಡಿಯುತ್ತಿದ್ದರು. ಒಪ್ಪಂದದ ಕಾಗದ ತರಿಸಿ ನೋಡಿದರು. ಹಾಜರಿ ಪುಸ್ತಕದಲ್ಲಿ ಹೆಸರಿರುವ ಪ್ರತಿಯೊಬ್ಬರಿಗೂ ನಲವತ್ತು ರೂಪಾಯಿ ಎಂದು ಅದರಲ್ಲಿ ಬರೆದಿತ್ತು. ಕೆಳಗೆ ದುರುಗಮ್ಮನ ಹೆಬ್ಬೆಟ್ಟು. ಅವರ ಮುಖ ತಿಳಿಯಾಯಿತು. “ಹೋಗಲಿ ಬಿಡಯ್ಯಾ, ಹೊಸಬ ನೀನು. ನಾನು ಕ್ಷಮಿಸಿದ್ದೇನೆ. ಹೆಸರಿದ್ದವರಿಗೆಲ್ಲ ಕೇಳಿದಷ್ಟು ಕೊಟ್ಟಾಗಿದೆ. ಪುಸ್ತಕದಲ್ಲಿ ಇಲ್ಲದವರಿಗೆ ಪುರಸಭೆ ಏನು ಮಾಡೀತು? ಸುಮ್ಮನೆ ಕೆಲಸ ನೋಡಿಕೋ” ಎಂದರು. ಕಾಫಿ ಇನ್ನೂ ಆರಿರಲಿಲ್ಲ. ಅಷ್ಟರೊಳಗೆ ಕ್ಷಮಿಸುವ ಕೆಲಸ ಮುಗಿದಿತ್ತು.

ಲೆಕ್ಕಿಗನ ಕೆಲಸ ಉಳಿಯಿತು. ಮಾನ ಉಳಿಯಿತು. ಅವನು ನೆಮ್ಮದಿಯಿಂದ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಅಂದೇ ಮಧ್ಯಾಹ್ನ ದಾರಿ ಕೇಳಿಕೊಂಡು ದುರುಗಮ್ಮನ ಮನೆಗೆ ಬಂದ. ಅಧ್ಯಕ್ಷರು ಹೇಳಿದ್ದನ್ನು ಹೇಳಿದ. “ತಪ್ಪು ನನ್ನದು ಅಮ್ಮಾ” ಎಂದು ತಲೆ ತಗ್ಗಿಸಿ ನಿಂತ.

ದುರುಗಮ್ಮನಿಗೆ ಆಗ ಅರ್ಥವಾಯಿತು. ಬಲೆ ಹಾಕಿದವಳು ತಾನು, ಬಿದ್ದದ್ದು ಜೊತೆಯವರೆಲ್ಲ. ಅಂದೇ ಬಾಯಿ ಬಿಟ್ಟು ಎಳೆದಾಡಿದ್ದರೆ ಮೂವತ್ತಲ್ಲದಿದ್ದರೂ ಇಪ್ಪತ್ತೈದಾದರೂ ಎಲ್ಲರಿಗೂ ಸಿಗುತ್ತಿತ್ತು, ಅವರವರ ಹೆಸರಿನಲ್ಲೇ ಸಿಗುತ್ತಿತ್ತು. ಈಗ ಕಾಗದದ ಪ್ರಕಾರ ನಲವತ್ತೂ ತನ್ನದು. ಓಬಕ್ಕನಿಗೆ ಏನೂ ಇಲ್ಲ.

ಒಂದು ಗಳಿಗೆ ಅವಳಿಗೆ ಕೆಟ್ಟ ಯೋಚನೆ ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಈ ಹುಡುಗ ತಪ್ಪು ಒಪ್ಪಿಕೊಂಡಿದ್ದಾನೆ. ತಾನು ಕೇಳಿಸಿಕೊಂಡದ್ದು ತನಗೊಬ್ಬಳಿಗೇ ಗೊತ್ತು. ಎಲ್ಲರ ಸಿಟ್ಟೂ ಇವನ ತಲೆಯ ಮೇಲೆ ಬೀಳುತ್ತದೆ, ನಾಲ್ಕು ದಿನ ಬೈದು ತಣ್ಣಗಾಗುತ್ತಾರೆ. ಅವನನ್ನು ಸಮಾಧಾನ ಮಾಡಿ ಕಳಿಸಿದರೆ ತನಗೆ ಒಳ್ಳೆಯವಳೆಂಬ ಹೆಸರೂ ಬರುತ್ತದೆ. ‘ಹೋಗಲಿ ಬಿಡಪ್ಪಾ’ ಎನ್ನುವ ಮಾತು ಅವಳ ನಾಲಗೆಯ ತುದಿಗೇ ಬಂದಿತ್ತು.

ಅವಳು ಹಾಗೆನ್ನಲಿಲ್ಲ. ಎದ್ದು ಚಪ್ಪಲಿ ಮೆಟ್ಟಿದಳು. “ನನ್ನ ಹತ್ತಿರ ಹೇಳಿ ಏನು ಪ್ರಯೋಜನ? ಹೋದದ್ದು ನನ್ನದಲ್ಲ. ಬನ್ನಿ” ಎಂದು ಅವನನ್ನು ಗಾಡಿ ಷೆಡ್ಡಿಗೆ ಕರೆದುಕೊಂಡು ಹೋದಳು.

ಷೆಡ್ಡಿನಲ್ಲಿ ಎಂಬತ್ನಾಲ್ಕು ಮಂದಿಯೂ ಸೇರಿದರು. ಲೆಕ್ಕಿಗ ನಡೆದದ್ದನ್ನು ಹೇಳಿದ. ಏನನ್ನೂ ಮುಚ್ಚಲಿಲ್ಲ. ಮುಗಿಸುವಷ್ಟರಲ್ಲಿ ಬೈಗುಳ ಶುರುವಾಯಿತು. ಇವನ ಸಂಬಳದಲ್ಲೇ ಮುರಿಯಲಿ ಎಂದಳು ಒಬ್ಬಳು. ಇವನನ್ನು ಊರು ಬಿಡಿಸಿ ಎಂದಳು ಇನ್ನೊಬ್ಬಳು. ಹೆಸರಿದ್ದ ಕೆಲವರು ಮಾತ್ರ ತುಟಿ ಪಿಟಕ್ಕೆನ್ನದೆ ನೆಲ ನೋಡುತ್ತಿದ್ದರು. ನಲವತ್ತು ತಮ್ಮದೇ ಎಂದು ಅವರಿಗೂ ಆಗಲೇ ಅರ್ಥವಾಗಿತ್ತು. ಇಷ್ಟು ವರ್ಷ ಒಡೆಯದ ಜೋಡಿಗಳು ಆ ಮಧ್ಯಾಹ್ನ ಒಡೆಯುವುದರಲ್ಲಿದ್ದವು.

ದುರುಗಮ್ಮ ಗಾಡಿಯೊಂದರ ಹಿಡಿ ಹಿಡಿದುಕೊಂಡು ನಿಂತಳು. “ಇವನು ಗೊತ್ತಿಲ್ಲದೆ ತಪ್ಪಿದ. ಸಭೆಯಲ್ಲಿ ನಲವತ್ತೆರಡು ಅಂತ ಓದಿದಾಗ ನಾನು ಕೇಳಿಸಿಕೊಂಡೆ. ಕೇಳಿಸಿಕೊಂಡೂ ಸುಮ್ಮನಿದ್ದೆ. ಅವರನ್ನು ಸಿಕ್ಕಿಸುತ್ತೇನೆ ಅಂದುಕೊಂಡಿದ್ದೆ” ಎಂದಳು. ಅವಳ ಜೋರು ಬಾಯಿ ಅವತ್ತು ಸಣ್ಣಗಾಗಿತ್ತು.

ಓಬಕ್ಕ ಎದ್ದು ಅವಳ ಎದುರಿಗೆ ಬಂದಳು. ಬೈಯಲಿಲ್ಲ. ಬೈದಿದ್ದರೆ ದುರುಗಮ್ಮನಿಗೆ ಹಗುರವಾಗುತ್ತಿತ್ತು.

“ಇಪ್ಪತ್ತೆರಡು ವರ್ಷ ಒಂದೇ ಗಾಡಿ ತಳ್ಳಿದೆವಲ್ಲೇ ದುರುಗಿ. ನೀನು ಸುಮ್ಮನಿದ್ದೆಯಲ್ಲ, ಆಗ ಆ ಎಣಿಕೆಯಲ್ಲಿ ನಾನು ಎಲ್ಲಿದ್ದೆ?”

ಪುರಸಭೆಯನ್ನು ಸಿಕ್ಕಿಸುವ ಯೋಚನೆಯಲ್ಲಿ ದುರುಗಮ್ಮನಿಗೆ ಓಬಕ್ಕನ ನೆನಪೇ ಬಂದಿರಲಿಲ್ಲ. ಅದು ಅವಳಿಗೂ ತಿಳಿದದ್ದು ಆಗಲೇ. ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಓಬಕ್ಕ ಸಮಾಧಾನ ಮಾಡಲಿಲ್ಲ. ಮಾಡಬೇಕೆಂದೂ ಇಲ್ಲವಲ್ಲ, ನೋವು ಅವಳದು.

ಆಮೇಲೆ ಓಬಕ್ಕ ಲೆಕ್ಕಿಗನ ಕಡೆ ತಿರುಗಿದಳು. “ಹಳೇ ಸಾಹೇಬರ ಲೆಕ್ಕ ಯಾವತ್ತೂ ತಪ್ಪಲಿಲ್ಲ ಕಣಪ್ಪಾ. ನನ್ನ ಹೆಸರು ಮಾತ್ರ ಯಾವತ್ತೂ ಬರೆಯಲಿಲ್ಲ. ಅದು ತಪ್ಪು ಅಂತ ಅವರೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ನಾನು ಬಿಟ್ಟುಹೋಗಿದ್ದೇನೆ ಅಂತ ಹುಡುಕಿಕೊಂಡು ಬಂದವನು ನೀನೊಬ್ಬ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಕೂತುಕೊಂಡು ಬರಿ.”

ಲೆಕ್ಕಿಗ ಅಲ್ಲೇ ನೆಲದ ಮೇಲೆ ಕೂತ. ಒಬ್ಬೊಬ್ಬರೇ ಬಂದು ಹೆಸರು ಹೇಳಿದರು. ಗಂಡನ ಹೆಸರು ಬೇಕೇ ಎಂದು ಕೆಲವರು ಕೇಳಿದರು, ಬೇಡ ಎಂದ. ಎಂಬತ್ನಾಲ್ಕು ಹೆಸರು, ಎಂಬತ್ನಾಲ್ಕು ಸಾಲು. ಜೊತೆಯವರಲ್ಲಿ ಕೆಲವರಿಗೆ ತಮ್ಮ ಪೂರ್ತಿ ಹೆಸರನ್ನು ಹೇಳಿ ಅಭ್ಯಾಸವೇ ಇರಲಿಲ್ಲ. ನಾಚಿಕೊಂಡು ಹೇಳಿದರು. ಬೈದವಳೂ ಬಂದು ಹೇಳಿದಳು. ಓಬಕ್ಕನ ಸಿಟ್ಟು ಇಳಿದದ್ದನ್ನು ಕಂಡ ಮೇಲೆ ಉಳಿದವರು ಸಿಟ್ಟು ಇಟ್ಟುಕೊಂಡು ಏನು ಮಾಡಿಯಾರು?

ಆ ಪಟ್ಟಿಯನ್ನು ಲೆಕ್ಕಿಗ ಪುರಸಭೆಯ ಮುಂದಿಟ್ಟ. ಅಧ್ಯಕ್ಷರಿಗೆ ಇಷ್ಟವಿರಲಿಲ್ಲ. ಆದರೆ ಎಂಬತ್ನಾಲ್ಕು ಮಂದಿಯೂ ಪಟ್ಟಿಯ ಹಿಂದೆಯೇ ಬಂದು ಅಂಗಳದಲ್ಲಿ ಕೂತಿದ್ದರು. ಹೆಸರಿದ್ದವರು, ನಮ್ಮ ಜೊತೆಯವರನ್ನು ಬರೆಯದಿದ್ದರೆ ನಮ್ಮ ಹೆಸರನ್ನೂ ಹೊಡೆದುಹಾಕಿ ಎಂದು ಹಟ ಹಿಡಿದರು. ಸಂಜೆಯ ಹೊತ್ತಿಗೆ ಪಟ್ಟಿ ಪುಸ್ತಕ ಸೇರಿತು. ಮುಂದಿನ ವರ್ಷದಿಂದ ಎಂಬತ್ನಾಲ್ಕು ಮಂದಿಗೂ ನಲವತ್ತು ಎಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಸಂಬಳ ಹಳೆಯ ಹಾಗೆ ಜೋಡಿಗೆ ಒಟ್ಟಾಗಿಯೇ ಬರುವುದು, ಆ ವರ್ಷದ್ದು ಹೋದದ್ದು ಹೋಯಿತು. ಇಲ್ಲದ ದುಡ್ಡನ್ನು ಯಾರು ಎಲ್ಲಿಂದ ತಂದಾರು?

ಇನ್ನು ಆ ಇಬ್ಬರದು. ಒಂದು ತಿಂಗಳು ಅವರು ಒಂದೇ ಗಾಡಿ ತಳ್ಳಿದರು, ಮಾತಾಡಲಿಲ್ಲ. ಗುಡ್ಡೆ ಹಾಕುವವಳು ಹಾಕಿದಳು, ತುಂಬುವವಳು ತುಂಬಿದಳು. ಏರು ಬಂದರೆ ಇಬ್ಬರೂ ತಳ್ಳಿದರು. ಊರಿನ ಬೀದಿಗಳೆಲ್ಲ ಚೊಕ್ಕಟವಾಗಿದ್ದವು. ದುರುಗಮ್ಮನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮುಂದಿನ ಸಂಬಳದ ದಿನ ಮೆಟ್ಟಿಲ ಮೇಲೆ ಕೂತು ದುರುಗಮ್ಮ ಎಣಿಸಿದಳು. ಹೆಚ್ಚಳದ ದುಡ್ಡನ್ನು ಪೂರ್ತಿಯಾಗಿ ಓಬಕ್ಕನ ಸೆರಗಿಗೆ ಹಾಕಿದಳು. ತನಗೆ ಒಂದು ರೂಪಾಯಿಯನ್ನೂ ಇಟ್ಟುಕೊಳ್ಳಲಿಲ್ಲ. ಓಬಕ್ಕ ಸೆರಗು ಬಿಚ್ಚಿ ನೋಡಿದಳು. ನಿಧಾನವಾಗಿ ಎಣಿಸಿ ಅರ್ಧ ತೆಗೆದಳು, ದುರುಗಮ್ಮನ ಮಡಿಲಿಗೆ ಹಾಕಿದಳು.

“ಡಾಕ್ಟರಿಗೆ ಹೇಳಿಬಂದಿದ್ದೇನೆ, ಹಲ್ಲು ಮುಂದಿನ ವರ್ಷ ಅಂತ. ಏಳು ವರ್ಷ ಕಾದವಳಿಗೆ ಇನ್ನೊಂದು ವರ್ಷ ದೊಡ್ಡದಲ್ಲ. ನೀನು ಉಪವಾಸ ಕೂತರೆ ಏರಿನಲ್ಲಿ ಗಾಡಿ ತಳ್ಳುವವರು ಯಾರೇ, ನಿಮ್ಮಪ್ಪನೇ?” ಎಂದಳು.

ದುರುಗಮ್ಮ ಅಲ್ಲೇ ಮೆಟ್ಟಿಲ ಮೇಲೆ ಅವಳ ತೊಡೆಗೆ ತಲೆಯಿಟ್ಟಳು. ಓಬಕ್ಕ ಅವಳ ತಲೆ ಸವರಿದಳು. ಒಳಗೆ ಕಿಟಕಿಯ ಬಳಿ ಕೂತಿದ್ದ ಲೆಕ್ಕಿಗ ಇದನ್ನು ನೋಡಿದ. ಅಧ್ಯಕ್ಷರು ಕ್ಷಮಿಸಿದ ದಿನದಿಂದ ಅವನಿಗೆ ನಿದ್ದೆ ಹತ್ತಿರಲಿಲ್ಲ. ಅವತ್ತು ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗಿದನಂತೆ.

ಗುರುಗಳು ಇಲ್ಲಿಗೆ ಕತೆ ಮುಗಿಸಿದರು.

ಚನ್ನವೀರ ಮತ್ತೆ ಕೇಳಿದ. “ಗುರುಗಳೇ, ಲೆಕ್ಕಿಗನನ್ನು ಅಧ್ಯಕ್ಷರು ಮೊದಲೇ ಕ್ಷಮಿಸಿದ್ದರಲ್ಲ? ಅವರು ಊರಿಗೆ ದೊಡ್ಡವರು. ಅವರ ಕ್ಷಮೆ ಅವನಿಗೆ ಏಕೆ ಸಾಲಲಿಲ್ಲ?”

“ನಷ್ಟವೇ ಆಗದವನ ಬಳಿ ಕೊಡುವುದಕ್ಕೆ ಕ್ಷಮೆ ಎಲ್ಲಿಂದ ಬರಬೇಕು ಚನ್ನವೀರ?” ಎಂದರು ಗುರುಗಳು.